ಹಸಿರು ಸರಿಯಾಗಿದೆ, ಆದರೂ ಚಿತ್ರದಲ್ಲಿ ಮಳೆ ಕಾಣಿಸ್ತಿಲ್ಲ ಯಾಕೆ?

ಪ್ರಶ್ನೆ: ನಾನು ವಾಟರ್‌ಕಲರ್‌ನಲ್ಲಿ ಲ್ಯಾಂಡ್‌ಸ್ಕೇಪ್ ಬರೆಯುತ್ತೇನೆ. ಮಳೆಗಾಲದಲ್ಲಿ ಆಗುಂಬೆಯಲ್ಲಿ ತೆಗೆದ ಫೋಟೊ ಮುಂದಿಟ್ಟುಕೊಂಡು ಗುಡ್ಡ, ಮರ, ರಸ್ತೆ ಎಲ್ಲದಕ್ಕೂ ಬಣ್ಣ ಹೊಂದಿಸಿಯೇ ಹಚ್ಚುತ್ತೇನೆ. ಆದರೂ ಅಲ್ಲಿ ನಿಂತಾಗ ಇದ್ದ ಆ ಮಂಕು, ಆ ತಂಪು ಚಿತ್ರದಲ್ಲಿ ಬರೋದೇ ಇಲ್ಲ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನೀವು ಮರದ ಬಣ್ಣ, ರಸ್ತೆಯ ಬಣ್ಣ ಹಚ್ಚುತ್ತಿದ್ದೀರಿ. ಅವುಗಳ ಮೇಲೆ ಬಿದ್ದಿರುವ ಬೆಳಕಿನ ಬಣ್ಣ ಬಿಟ್ಟುಹೋಗುತ್ತಿದೆ. ಮರ ಅಂದರೆ ಹಸಿರು, ಮಣ್ಣು ಅಂದರೆ ಕೆಂಪು ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ಆದರೆ ಅದೇ ಮರ ಬೆಳಗಿನ ಮಂಜಿನಲ್ಲಿ ಬೂದಿ, ಸಂಜೆ ಬಿಸಿಲಲ್ಲಿ ಕಂದು, ಮಳೆಮೋಡದ ಕೆಳಗೆ ಕಪ್ಪು ಅನ್ನಿಸುವಷ್ಟು ದಟ್ಟ ಹಸಿರು.

ಇದನ್ನು ಹಟ ಹಿಡಿದು ತೋರಿಸಿದವರು ಫ್ರಾನ್ಸಿನ ಕ್ಲೋದ್ ಮೊನೆ. 1890-91ರಲ್ಲಿ ಜಿವೆರ್ನಿಯ ತಮ್ಮ ಮನೆ ಹತ್ತಿರದ ಹೊಲದ ಬಣವೆಗಳನ್ನೇ ಅವರು ಮತ್ತೆ ಮತ್ತೆ ಬರೆದರು. ಬಣವೆ ಅದೇ. ಬೆಳಕು ಬದಲಾದ ಹಾಗೆ ಒಂದು ಕ್ಯಾನ್ವಾಸ್ ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಹಿಮದ ಬೆಳಗಿನ ಬಣವೆಯಲ್ಲಿ ನೀಲಿ ತುಂಬಿದೆ. ಸೂರ್ಯ ಮುಳುಗುವಾಗಿನದು ಕೆಂಡದ ಹಾಗಿದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕು ಫೋಟೊ. ಬೆಳಕು ನೀಲಿಯಾಗಿದ್ದರೆ ಮೊಬೈಲ್ ಕ್ಯಾಮೆರಾ ಅದನ್ನು ತಾನಾಗಿಯೇ 'ಸರಿ' ಮಾಡುತ್ತದೆ. ಬಿಳಿ ಬಿಳಿಯಾಗಿಯೇ ಕಾಣಬೇಕು ಅನ್ನೋದು ಅದರ ಲೆಕ್ಕ. ಕತ್ತಲಿದ್ದ ಜಾಗವನ್ನೂ ಬೆಳಗಿಸುತ್ತದೆ. ಅಂದರೆ ನಿಮಗೆ ಇಷ್ಟವಾದ ಆ ಮಂಕನ್ನೇ ತೆಗೆದುಹಾಕಿ ಕೊಡುತ್ತದೆ! ಗಿಡಮರದ ಆಕಾರಕ್ಕೆ ಫೋಟೊ ಸಾಕು. ಬಣ್ಣಕ್ಕೆ ಮಾತ್ರ ಜಾಗದಲ್ಲೇ ನಿಂತು ಒಂದು ಸಣ್ಣ ಕಾಗದದ ಮೇಲೆ ಆಕಾಶ, ದೂರದ ಗುಡ್ಡ, ಹತ್ತಿರದ ಮರ, ನೆಲ ಇಷ್ಟನ್ನು ಬರೀ ತೇಪೆ ತೇಪೆಯಾಗಿ ಹಚ್ಚಿಕೊಂಡು ಬನ್ನಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಮನೆಯಲ್ಲಿ ಕೂತು ಬರೆಯುವಾಗ ಆ ತೇಪೆಗಳೇ ನಿಜ, ಫೋಟೊ ಅಲ್ಲ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಚಿತ್ರದ ಮೂಡ್ ನಿರ್ಧಾರವಾಗುವುದು ಬಣ್ಣಕ್ಕಿಂತ ಮೊದಲು, ತಿಳಿ-ಗಾಢದಲ್ಲಿ. ಕಲಾವಿದರು ಇದನ್ನು ಟೋನ್ ಅನ್ನುತ್ತಾರೆ. ಮೊನೆ 1872ರಲ್ಲಿ ಲ ಹಾವ್ರ್ ಬಂದರಿನ ಸೂರ್ಯೋದಯ ಬರೆದರು. ಇಂಪ್ರೆಷನಿಸಂ ಅನ್ನುವ ಕಲಾಪಂಥದ ಹೆಸರೇ ಆ ಚಿತ್ರದಿಂದ ಬಂತು. ಅದರಲ್ಲಿ ಕಿತ್ತಳೆ ಸೂರ್ಯ ಎದ್ದು ಹೊಳೆಯುತ್ತಾನೆ, ಅಲ್ವಾ? ಆ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ನೋಡಿ. ಸೂರ್ಯ ಹೆಚ್ಚುಕಡಿಮೆ ಮಾಯ! ಸುತ್ತಲಿನ ಮೋಡಕ್ಕೂ ಸೂರ್ಯನಿಗೂ ತಿಳಿ-ಗಾಢದಲ್ಲಿ ವ್ಯತ್ಯಾಸವೇ ಇಲ್ಲ ಅನ್ನುವಷ್ಟು. ಹೊಳಪೆಲ್ಲ ಬಂದಿರುವುದು ಬೂದು-ನೀಲಿಯ ನಡುವೆ ಇಟ್ಟ ಆ ಒಂದು ಬಿಸಿ ಬಣ್ಣದಿಂದ. ಅದನ್ನು ಬಿಳಿಯಾಗಿ ಬರೆದಿದ್ದರೆ ಬಂದರಿನ ಕಾವಳ ಅಲ್ಲೇ ಒಡೆದುಹೋಗುತ್ತಿತ್ತು.

ಮಳೆಗಾಲದ ಬೆಳಕಿನಲ್ಲೂ ಹೀಗೇ ತಿಳಿ-ಗಾಢದ ಅಂತರ ಕಡಿಮೆ. ಮೋಡ ಬೆಳಕನ್ನು ಎಲ್ಲ ಕಡೆ ಹರಡುವುದರಿಂದ ಸ್ಪಷ್ಟ ನೆರಳು ಬೀಳುವುದಿಲ್ಲ. ಆಕಾಶ ಎಲ್ಲಕ್ಕಿಂತ ತಿಳಿ. ಗುಡ್ಡದ ಸಾಲುಗಳು ದೂರ ಹೋದ ಹಾಗೆ ಆಕಾಶದ ಬಣ್ಣವನ್ನೇ ತೊಡುತ್ತಾ ಹೋಗುತ್ತವೆ. ಹತ್ತಿರದ ಒದ್ದೆ ತೊಗಟೆ, ಒದ್ದೆ ಮಣ್ಣು ಮಾತ್ರ ಗಾಢ. ನೀರು ಹೀರಿದ ವಸ್ತು ಒಣಗಿದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ಒದ್ದೆ ಡಾಂಬರು ರಸ್ತೆ ಕಪ್ಪು ಅಂತ ಹಚ್ಚಿಬಿಡಬೇಡಿ. ದೂರದಲ್ಲಿ ಅದು ಆಕಾಶವನ್ನೇ ಪ್ರತಿಫಲಿಸುತ್ತದೆ, ಬೆಳ್ಳಗೆ ಕಾಣುತ್ತದೆ. ಕಣ್ಣು ಕಿರಿದು ಮಾಡಿ ನೋಡಿದರೆ ಇದೆಲ್ಲ ತಾನಾಗಿ ಗೊತ್ತಾಗುತ್ತದೆ. ಬಣ್ಣ ಮುಟ್ಟುವ ಮೊದಲು ಪೆನ್ಸಿಲ್‌ನಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಚಿತ್ರ ಬರೆದು, ತಿಳಿ, ನಡು, ಗಾಢ ಅಂತ ಮೂರೇ ಪಾಲು ಮಾಡಿಕೊಳ್ಳಿ.

ಇನ್ನು ಹಸಿರು. ಟ್ಯೂಬಿನಿಂದ ಬಂದ ಸ್ಯಾಪ್ ಗ್ರೀನನ್ನು ಹಾಗೇ ಹಚ್ಚಬೇಡಿ. ಸ್ವಲ್ಪ ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು ಬಣ್ಣ) ಸೇರಿಸಿದರೆ ಅದರ ಕಿರಿಚಾಟ ನಿಲ್ಲುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಲಸಿದರೆ ಒಳ್ಳೆಯ ಬೂದು ಸಿಗುತ್ತದೆ. ಅದೇ ಬೂದನ್ನು ಆಕಾಶಕ್ಕೂ ಬಳಸಿ, ಗುಡ್ಡಕ್ಕೂ ಬೆರೆಸಿ, ರಸ್ತೆಗೂ ಎಳೆಯಿರಿ. ಒಂದೇ ಬೆಳಕು ಎಲ್ಲದರ ಮೇಲೆ ಬಿದ್ದಿದೆ ಅನ್ನಿಸುವುದು ಇದರಿಂದಲೇ. ಡಬ್ಬಿಯಲ್ಲಿರುವ ಬಣ್ಣವನ್ನೆಲ್ಲ ಬಳಸಲೇಬೇಕು ಅಂತೇನಿಲ್ಲ, ಮೂರು ನಾಲ್ಕು ಸಾಕು.

ಮಂಕು ಒಂದೇ ಮೂಡ್ ಅಲ್ಲ, ಬಿಸಿಲಿಗೂ ಅದರದೇ ಸ್ವಭಾವವಿದೆ. ಇಲ್ಲೊಂದು ಎಚ್ಚರಿಕೆ. ಯುರೋಪಿನ ಪುಸ್ತಕ ನೋಡಿ ಕಲಿತ ಉದ್ದ ನೆರಳು ನಮ್ಮ ಹಗಲಿಗೆ ಹೊಂದುವುದಿಲ್ಲ. ಪ್ಯಾರಿಸ್‌ನಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ 2 ಸಲ, ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ, ನೇರ ನೆತ್ತಿಯ ಮೇಲೇ ಇರುತ್ತಾನೆ. ನಮ್ಮಲ್ಲಿ ಸೂರ್ಯ ಕಡಿದಾಗಿ ಮುಳುಗುವುದರಿಂದ ಸಂಜೆಯ ಹೊಂಬಣ್ಣ ಬೇಗ ಮುಗಿದುಹೋಗುತ್ತದೆ. ಹಾಗಾಗಿ ಸಂಜೆ ಬರೆಯುವುದಾದರೆ ಪೆನ್ಸಿಲ್ ಗೆರೆ ಮೊದಲೇ ಹಾಕಿಟ್ಟುಕೊಳ್ಳಿ. ಆ ಹೊತ್ತಿನ ನೆರಳಿಗೆ ಕಪ್ಪು ಬೇಡ. ನೆರಳಿನ ಜಾಗಕ್ಕೆ ಸಿಗುವ ಬೆಳಕು ಮುಖ್ಯವಾಗಿ ನೀಲಿ ಆಕಾಶದ್ದು, ಅದಕ್ಕೇ ಅದು ನೀಲಿ-ನೇರಳೆಯಾಗಿ ಕಾಣುತ್ತದೆ.

ನಮ್ಮವರ ಕೆಲಸ ನೋಡಬೇಕು ಅಂದರೆ ಕೆ. ವೆಂಕಟಪ್ಪ (1886-1965) ಅವರ ಊಟಿ, ಕೊಡೈಕನಾಲ್ ಜಲವರ್ಣಗಳನ್ನು ಹುಡುಕಿ ನೋಡಿ. ಗಿರಿಧಾಮದ ಮಂಜು, ಮೋಡ, ಬೆಳಕನ್ನು ಅಷ್ಟು ತಾಳ್ಮೆಯಿಂದ ನೋಡಿದವರು ಕಡಿಮೆ. ರುಮಾಲೆ ಚನ್ನಬಸವಯ್ಯ (1910-1988) ಇದಕ್ಕೆ ತೀರ ಬೇರೆ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವರು ಮನಸ್ಸು ಬಿಚ್ಚಿ ಬಣ್ಣ ಚೆಲ್ಲಿ ಬರೆದರು. ಇಬ್ಬರ ಚಿತ್ರಗಳನ್ನೂ ಒಂದೇ ದಿನ ನೋಡಿದರೆ ಒಳ್ಳೆಯದು.

ಕೊನೆಗೆ ಎರಡು ಸಣ್ಣ ವಿಷಯ. ವಾಟರ್‌ಕಲರ್ ಒಣಗಿದ ಮೇಲೆ ತಿಳಿಯಾಗುತ್ತದೆ, ಹಾಗಾಗಿ ಗಾಢ ಜಾಗಗಳನ್ನು ಬೇಕಾದ್ದಕ್ಕಿಂತ ಒಂದಿಷ್ಟು ಜಾಸ್ತಿ ಗಾಢವಾಗಿಯೇ ಹಚ್ಚಿ. ರಾತ್ರಿ ಹಳದಿ ಬಲ್ಬಿನ ಕೆಳಗೆ ಬೂದು ಬಣ್ಣ ಕಲಸಬೇಡಿ. ಬೆಳಗ್ಗೆ ನೋಡಿದಾಗ ಅದು ನೀವು ಅಂದುಕೊಂಡದ್ದಕ್ಕಿಂತ ನೀಲಿಯಾಗಿರುತ್ತದೆ.