ಸಂವಿಧಾನ ಬಂದರೂ ಅಜ್ಜನ ಅಡವು ಹೋಗಲಿಲ್ಲ

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯವರೊಬ್ಬರು ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬಂದು, ನನ್ನ ಮೇಜಿನ ಮೇಲೆ 1938ರ ಅಡವು ಪತ್ರ ಹರಡಿದರು. ಅವರ ಅಜ್ಜ ಅಡಿಕೆ ತೋಟವನ್ನು ಭೋಗ್ಯಕ್ಕೆ ಕೊಟ್ಟ ಕಾಗದ. ತೋಟದಲ್ಲಿ ಈಗಲೂ ಸಾಲ ಕೊಟ್ಟವರ ಮೊಮ್ಮಕ್ಕಳು ಇದ್ದಾರೆ. "ಬ್ರಿಟಿಷರ ಕಾಲದ್ದು ವಕೀಲರೇ, 1950ಕ್ಕೇ ರದ್ದಾಯಿತಲ್ಲ. ಹರಿದು ಹಾಕಿದರೆ ತೋಟ ನಮ್ಮದೇ ಅಲ್ಲವೇ?" ಎಂದರು. ತೋಟ ಅಜ್ಜನದೆನ್ನಲು ಆಧಾರವೇನು ಎಂದೆ. ಅದೇ ಚೀಲದಿಂದ 1929ರ ಖರೀದಿ ಪತ್ರ ಹೊರಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನೆ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವರು, "ಚಹಾ ಕುಡಿದು ಬರೋಣವೇ?" ಎಂದರು.

ಈ ತಪ್ಪು ತಿಳಿವಳಿಕೆ ಓದಿದವರಲ್ಲೇ ಹೆಚ್ಚು. 1950ರ ಜನವರಿ 26ರ ಬೆಳಿಗ್ಗೆ ಹಳೆಯ ಕಾಯ್ದೆಗಳೆಲ್ಲ ಸತ್ತವು ಎಂದೇ ಅವರ ನಂಬಿಕೆ. ಸಂವಿಧಾನದ 395ನೇ ವಿಧಿ ಓದಿ. ಅದು ಹೆಸರು ಹಿಡಿದು ತೆಗೆದುಹಾಕಿದ್ದು 1935ರ ಭಾರತ ಸರ್ಕಾರ ಕಾಯ್ದೆಯನ್ನು, ಅದರ ತಿದ್ದುಪಡಿಗಳನ್ನು ಮತ್ತು 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯನ್ನು. ಹೌದು, ಸ್ವಾತಂತ್ರ್ಯ ಕೊಟ್ಟ ಕಾಯ್ದೆಯನ್ನೇ! ಉಳಿದುದರ ಬಗ್ಗೆ 372ನೇ ವಿಧಿ ಹೇಳುತ್ತದೆ: ಅಧಿಕಾರವುಳ್ಳ ಶಾಸಕಾಂಗ ಬದಲಿಸುವವರೆಗೆ ಅಥವಾ ರದ್ದುಮಾಡುವವರೆಗೆ ಜಾರಿಯಲ್ಲಿದ್ದ ಕಾನೂನು ಮುಂದುವರಿಯುತ್ತದೆ. ಮೂಲಭೂತ ಹಕ್ಕಿಗೆ ಅಡ್ಡ ಬರುವಷ್ಟು ಭಾಗ ಮಾತ್ರ 13ನೇ ವಿಧಿಯಡಿ ಬೀಳುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ ಹೀಗೆ ಉಳಿದುಬಂದವು.

ಇದು ರಚನಾ ಸಭೆಯ ಸೋಮಾರಿತನವಲ್ಲ. 1946ರ ಡಿಸೆಂಬರ್ 9ರಂದು ಮೊದಲ ಸಲ ಸೇರಿದ ಸಭೆ 1949ರ ನವೆಂಬರ್ 26ರವರೆಗೆ ಕೆಲಸ ಮಾಡಿತು. ಮೊದಲ ಕರಡು ಸಿದ್ಧಪಡಿಸಿದವರು ನಮ್ಮದೇ ಕರಾವಳಿಯ, ಮಂಗಳೂರಿನ ಬೆನಗಲ್ ನರಸಿಂಗ ರಾವ್. ಅಂಬೇಡ್ಕರರ ಸಮಿತಿಯ ಕರಡಿಗೆ ಬಂದ ತಿದ್ದುಪಡಿ ಸೂಚನೆಗಳು 7,635. 1935ರ ಕಾಯ್ದೆಯಿಂದ ಎತ್ತಿಕೊಂಡಿದ್ದೀರಿ ಎಂದು ಆಕ್ಷೇಪಿಸಿದವರಿಗೆ, ಎರವಲು ತರುವುದರಲ್ಲಿ ನಾಚಿಕೆಯೇನಿಲ್ಲ ಎಂದು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಭೆಯಲ್ಲೇ ಉತ್ತರಿಸಿದ್ದರು. ಮನೆಮಂದಿ ಒಳಗಿರುವಾಗಲೇ ಹಂಚು ಬದಲಿಸುವ ಕೆಲಸ ಅದು. ಒಂದೇ ಸಲ ಮಾಡು ಕಿತ್ತರೆ ಮಳೆಗೆ ನೆನೆಯುವವರು ಯಾರು?

ನಮ್ಮ ಜಿಲ್ಲೆ 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿದಾಗಲೂ ಇದೇ ಕ್ರಮ. ಮಾಜಾಳಿ ಗಡಿ ದಾಟಿ ಗೋವಾಕ್ಕೆ ಹೋದರೆ ಇನ್ನೂ ಸೋಜಿಗ: 1961ರಲ್ಲಿ ಪೋರ್ಚುಗೀಸರು ಹೋದರೂ ಅವರ 1867ರ ನಾಗರಿಕ ಸಂಹಿತೆ ಅವರೊಂದಿಗೆ ಹಡಗು ಹತ್ತಲಿಲ್ಲ.

ಕಾಯ್ದೆ ಉಳಿಯಿತೆಂದ ಮಾತ್ರಕ್ಕೆ ನಿಮ್ಮ ಪತ್ರ ಗೆದ್ದಿತು ಎಂದಲ್ಲ. ದಾವೆ ಹೂಡಲು ಕಾನೂನು ಕೊಟ್ಟ ಅವಧಿಯ ಲೆಕ್ಕವಿದೆ, 1974ರ ಭೂ ಸುಧಾರಣೆಯಿದೆ, ಕಾಗದ ನೋಡದೆ ಯಾರಿಗೂ ನಾನು ಭರವಸೆ ಕೊಡುವುದಿಲ್ಲ. ಆದರೆ ಘಟ್ಟ ಇಳಿದು ಬಂದವರಿಗೆ ಒಂದು ಮಾತನ್ನು ಮೂರು ಸಲ ಹೇಳಿದೆ. ಎದುರಿನವರು ನಾಳೆ ತಾವು ಗೇಣಿದಾರರು ಎಂದೋ ಮಾಲೀಕರೇ ಎಂದೋ ಹೇಳಿದರೆ, ಅವರು ತೋಟದೊಳಗೆ ಬಂದದ್ದು ಅಡವುದಾರರಾಗಿ ಎನ್ನಲು ನಿಮ್ಮ ಕೈಯಲ್ಲಿರುವುದು ಆ 1938ರ ಕಾಗದ ಒಂದೇ. ಹರಿಯಬೇಡಿ.

ಹೋದ ವಾರ ಫೋನ್ ಮಾಡಿದ್ದರು. ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಲೇ ಎಂದು ಕೇಳಿದರು. ದಯವಿಟ್ಟು ಅದನ್ನೂ ಮಾಡಬೇಡಿ ಎಂದೆ.