ದೇವರಿಲ್ಲದ ಅಧ್ಯಾತ್ಮ: ಉಳಿದದ್ದೇನು, ಕಳಚಿಹೋದದ್ದೇನು

ದೇವರನ್ನು ನಂಬುವುದಿಲ್ಲ, ಆದರೆ ಅಧ್ಯಾತ್ಮದ ಹಂಬಲವಿದೆ ಎನ್ನುವವರನ್ನು ಆಸ್ತಿಕರು ಅರೆಮನಸ್ಸಿನವರೆಂದು ತಿಳಿಯುತ್ತಾರೆ. ಧರ್ಮ ಹಿಂಬಾಗಿಲಿನಿಂದ ಒಳಬರುತ್ತಿದೆ ಎಂದು ನಾಸ್ತಿಕರು ಅನುಮಾನಿಸುತ್ತಾರೆ. ಈ ಜಗಳದಲ್ಲಿ ನಂಬಿಕೆಯ ಮಾತೇ ಹೆಚ್ಚು, ಸಾಧನೆಯ ಮಾತು ಕಡಿಮೆ.

ನಿಲುವೇನೋ ಹಳೆಯದೇ. ಸೃಷ್ಟಿಕರ್ತನನ್ನು ಒಪ್ಪದೆಯೇ ಬೌದ್ಧರೂ ಜೈನರೂ ಎರಡೂವರೆ ಸಾವಿರ ವರ್ಷ ಸಾಧನೆ ನಡೆಸಿಕೊಂಡು ಬಂದಿದ್ದಾರೆ. ದೇವತೆಗಳಿಗೆ ಮನುಷ್ಯರ ಗೊಡವೆಯಿಲ್ಲ ಎಂದ ಗ್ರೀಸಿನ ಎಪಿಕ್ಯೂರಸ್ ಗೆಳೆಯರೊಡನೆ ತೋಟದಲ್ಲಿ ಬಾಳಿದ. 1902ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಧಾರ್ಮಿಕ ಅನುಭವವನ್ನು ಚರ್ಚಿನಿಂದ ಬಿಡಿಸಿ ವ್ಯಕ್ತಿಯ ಏಕಾಂತದಲ್ಲಿಟ್ಟು ನೋಡಿದರು. ಅನುಭವ ಮೊದಲು, ಸಿದ್ಧಾಂತ ಆಮೇಲೆ ಎಂಬ ವಾದಕ್ಕೆ ಅಲ್ಲಿಂದ ಬಲ ಬಂತು.

ನಿಜವಾದ ತಿರುವು 1979ರದ್ದು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಝೆನ್, ವಿಪಸ್ಸನ ಎಂಬ ಬೌದ್ಧ ಧ್ಯಾನಪದ್ಧತಿಗಳಿಂದಲೂ ಹಠಯೋಗದಿಂದಲೂ ಆಯ್ದ ಅಭ್ಯಾಸಗಳನ್ನು ಮೈಂಡ್‌ಫುಲ್‌ನೆಸ್ (ಈ ಗಳಿಗೆಯ ಮೇಲೆ ಗಮನ) ಕಲಿಸುವ ಕೆಲವು ವಾರಗಳ ಕೋರ್ಸ್ ಆಗಿ ಜೋಡಿಸಿದರು. ದೀರ್ಘಕಾಲದ ನೋವಿಗೆ ಪೂರ್ತಿ ಪರಿಹಾರ ಸಿಗದ ರೋಗಿಗಳು ಅದಕ್ಕೆ ಬಂದರು. ವಾರಕ್ಕೊಮ್ಮೆ ಎರಡೂವರೆ ಗಂಟೆಯ ತರಗತಿ, ವಾರದಲ್ಲಿ ಆರು ದಿನ ಮನೆಯಲ್ಲಿ ಸುಮಾರು 45 ನಿಮಿಷ ಅಭ್ಯಾಸ, ಆರನೇ ವಾರದ ಆಸುಪಾಸಿನಲ್ಲಿ ಒಂದಿಡೀ ದಿನ ಮೌನ. ಮೊದಲ ಪಾಠಕ್ಕೆ ಒಂದೇ ಒಂದು ಒಣದ್ರಾಕ್ಷಿ: ಅಂಗೈಯಲ್ಲಿಟ್ಟು ಸುಕ್ಕುಗಳನ್ನು ನೋಡಬೇಕು, ಮೂಸಬೇಕು, ನಾಲಿಗೆಯ ಮೇಲಿಟ್ಟು ಕಚ್ಚದೆ ಕಾಯಬೇಕು, ಆಮೇಲೆ ನಿಧಾನವಾಗಿ ಅಗಿಯಬೇಕು. ದೇವರ ಹೆಸರಿಲ್ಲ, ಮಂತ್ರವಿಲ್ಲ.

ಬೌದ್ಧ ಸಾಧನೆಗೆ ಮೂರು ಅಂಗ: ಶೀಲ (ಒಳ್ಳೆಯ ನಡತೆ), ಸಮಾಧಿ (ಮನಸ್ಸಿನ ಏಕಾಗ್ರತೆ), ಪ್ರಜ್ಞೆ (ಅರಿವು). ಆಸ್ಪತ್ರೆಯಲ್ಲಿ ಅಳೆಯಲು ಸುಲಭವಾದದ್ದು ನಡುವಿನದು. ಗಮನ, ಆತಂಕ, ನಿದ್ದೆಗೆಲ್ಲ ಪ್ರಶ್ನಾವಳಿಗಳಿವೆ. ಸುಳ್ಳಾಡದಿರುವುದಕ್ಕೆ, ದಾನಕ್ಕೆ, ಜೊತೆಗಾರರಿಗೆ ಅಂಥ ಅಳತೆಗೋಲು ಸುಲಭಕ್ಕೆ ಸಿಗುವುದಿಲ್ಲ. ಆಮೇಲೆ ಕೋರ್ಸ್ ಕಚೇರಿಗೆ, ಶಾಲೆಗೆ, ಮೊಬೈಲಿಗೆ ಹೋದಂತೆಲ್ಲ ಮೌನದ ದಿನ ಬಿಟ್ಟುಹೋಯಿತು, ಗುಂಪು ಬಿಟ್ಟುಹೋಯಿತು, 45 ನಿಮಿಷ ಹತ್ತಕ್ಕೆ ಇಳಿಯಿತು. ದೇವರು ಇಲ್ಲದ್ದಕ್ಕಿಂತ ಇದೇ ದೊಡ್ಡ ನಷ್ಟ.

ಒಬ್ಬರೇ ಧ್ಯಾನಕ್ಕೆ ಕೂತಾಗ ಎಡವುವ ಜಾಗಗಳು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಉಸಿರನ್ನು ಗಮನಿಸುವ ಬದಲು ಎಳೆದು ಬಿಡಲು ಶುರುಮಾಡುತ್ತಾರೆ. ಎದೆ ಬಿಗಿಯುತ್ತದೆ, ತಲೆ ಹಗುರಾಗುತ್ತದೆ. ಆಗ ಗಮನವನ್ನು ಮೂಗಿನಿಂದ ಹೊಟ್ಟೆಯ ಏರಿಳಿತಕ್ಕೆ ಇಳಿಸಿ, ಉಸಿರನ್ನು ಅದರ ಪಾಡಿಗೆ ಬಿಡಬೇಕು. ಯೋಚನೆ ಬಂದರೆ ಸೋತೆವೆಂದುಕೊಳ್ಳುವುದು ಇನ್ನೊಂದು ತಪ್ಪು. ಮನಸ್ಸು ಅಲೆದದ್ದು ಗೊತ್ತಾಗುವ ಆ ಗಳಿಗೆಯೇ ಅಭ್ಯಾಸ. ಹಳೆಯ ಆಘಾತವಿದ್ದವರಿಗೆ ಕಣ್ಣು ಮುಚ್ಚಿದೊಡನೆ ಅದು ಮರುಕಳಿಸಬಹುದು. ಅವರು ಕಣ್ಣು ತೆರೆದು, ಪಾದ ನೆಲಕ್ಕೆ ತಾಗಿದ್ದನ್ನು ಗಮನಿಸುತ್ತ ಐದು ನಿಮಿಷಕ್ಕೆ ನಿಲ್ಲಿಸುವುದು ಲೇಸು. ಅಷ್ಟಾದರೂ ದಿಗಿಲಾದರೆ ಎದ್ದು ನಡೆಯಬೇಕು. ಇದನ್ನು ಹೇಳಲು ಎದುರಿಗೆ ಅನುಭವಿಯೊಬ್ಬರು ಬೇಕು.

ಫಲಿತಾಂಶವೂ ಮಿಶ್ರವೇ. ಖಿನ್ನತೆ ಮೂರು ಅಥವಾ ಹೆಚ್ಚು ಸಲ ಬಂದುಹೋದವರಿಗೆ ಇದೇ ಮಾದರಿಯ ಚಿಕಿತ್ಸೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2004ರಲ್ಲೇ ಶಿಫಾರಸು ಮಾಡಿತು. ಅದೇ ದೇಶದ 85 ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್ ಪಾಠದ ಕುರಿತು ನಡೆದ ಅಧ್ಯಯನ 2022ರಲ್ಲಿ ಪ್ರಕಟವಾದಾಗ, ಮಕ್ಕಳಿಗೆ ಎಂದಿನ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ.

ಕಳಚಿಹೋದ ಗುಂಪನ್ನು ಮತ್ತೆ ಕಟ್ಟುವ ಯತ್ನಗಳೂ ನಡೆದಿವೆ. 2013ರಲ್ಲಿ ಲಂಡನ್ನಿನಲ್ಲಿ ಶುರುವಾದ ಸಂಡೇ ಅಸೆಂಬ್ಲಿಯಲ್ಲಿ ದೇವರಿಲ್ಲ, ಆದರೆ ಒಟ್ಟಿಗೆ ಹಾಡುತ್ತಾರೆ, ಉಪನ್ಯಾಸ ಕೇಳುತ್ತಾರೆ, ಒಂದಷ್ಟು ಹೊತ್ತು ಮೌನವಾಗಿರುತ್ತಾರೆ. ಹಲವು ದೇಶಗಳಿಗೆ ಬೇಗ ಹಬ್ಬಿದ ಅದರ ಶಾಖೆಗಳಲ್ಲಿ ಎಷ್ಟೋ ಮುಚ್ಚಿದವು. ಕುರ್ಚಿ ಹಾಕುವುದು, ಹಾಡು ಆರಿಸುವುದು, ಖರ್ಚು ಹೊಂದಿಸುವುದು ಎಲ್ಲ ಬೆರಳೆಣಿಕೆಯ ಸ್ವಯಂಸೇವಕರ ತಲೆಗೇ ಬೀಳುವಾಗ ಇಂಥ ಕೂಟ ವರ್ಷಗಟ್ಟಲೆ ಬಾಳುವುದು ಕಷ್ಟ.