ಕೌಂಟಿಗೆ ಡಿಸಿ ಇಲ್ಲ, ಮತ್ತೆ ಇಲಾಖೆಗಳನ್ನು ಹೊಂದಿಸೋರು ಯಾರು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ನನ್ನ ಹೆಂಡತಿ ಕೌಂಟಿಯಲ್ಲಿ ಕೋಆರ್ಡಿನೇಟರ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಇಲಾಖೆಗಳ ನಡುವೆ ಹೊಂದಾಣಿಕೆ, ನೌಕರರ ಕಾರ್ಯಕ್ರಮಗಳು ಅಂತೆಲ್ಲ ಬರೆದಿದೆ. ಊರಿಂದ ಬಂದಿರುವ ಅಪ್ಪ ಕೇಳಿದರು, "ಕೌಂಟಿ ಅಂದರೆ ಜಿಲ್ಲೆ ತಾನೇ? ಡಿಸಿ ಒಂದು ಮೀಟಿಂಗ್ ಕರೆದು ಹೇಳಿದರೆ ಮುಗೀತು, ಅದಕ್ಕೊಬ್ಬರು ಬೇರೆ ಬೇಕಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜಕ್ಕೂ ಇದು ಏನು ಕೆಲಸ?

ಉತ್ತರ: ನಿಮ್ಮ ತಂದೆಯವರು ಕೇಳಿದ್ದು ಸರಿಯಾಗಿಯೇ ಇದೆ. ನಮ್ಮ ಕಡೆ ಕೆಡಿಪಿ ಸಭೆ ನೋಡಿದವರಿಗೆ ಹಾಗೇ ಅನಿಸುತ್ತದೆ. ಉಸ್ತುವಾರಿ ಸಚಿವರು ನಡುವೆ, ಪಕ್ಕದಲ್ಲಿ ಡಿಸಿ, ಜಿಲ್ಲಾ ಪಂಚಾಯತಿ ಸಿಇಒ. ಎದುರಿಗೆ ಫೈಲು ಹಿಡಿದ ಇಲಾಖೆಯವರು. ಯಾವುದೋ ಕಾಮಗಾರಿ ನಿಂತಿದ್ದರೆ ಅಲ್ಲೇ ಎಬ್ಬಿಸಿ ನಿಲ್ಲಿಸಿ ಬೈಗುಳ, ಅಲ್ಲೇ ಗಡುವು.

ನಿಮ್ಮ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಹಾಗೆ ಬೈಯುವ ಅಧಿಕಾರ ಯಾರಿಗೂ ಪೂರ್ತಿಯಾಗಿ ಇಲ್ಲ. ನಿಮ್ಮ ಹೆಂಡತಿ ಅರ್ಜಿ ಹಾಕಿದಂಥ ಹುದ್ದೆಗಳು ಹುಟ್ಟುವುದೇ ಅದಕ್ಕೆ.

ಡಿಸಿಯ ಹಾಗೆ ಕಾಣುವವರು ಒಬ್ಬರಿದ್ದಾರೆ, ಕೌಂಟಿ ಎಕ್ಸಿಕ್ಯೂಟಿವ್. ಆದರೆ ಬೆಂಗಳೂರಿನಿಂದ ಡಿಸಿಯನ್ನು ಕಳಿಸಿದ ಹಾಗೆ ಇವರನ್ನು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಿಂದ ಯಾರೂ ಕಳಿಸುವುದಿಲ್ಲ. ಇವರನ್ನು ನೇಮಿಸುವುದು ಐದು ಜನರ ಬೋರ್ಡ್ ಆಫ್ ಸೂಪರ್‌ವೈಸರ್ಸ್. ಸೂಪರ್‌ವೈಸರ್ ಅಂದ ಕೂಡಲೇ ಫ್ಯಾಕ್ಟರಿಯ ಮೇಸ್ತ್ರಿ ನೆನಪಾಗಬಹುದು. ಇಲ್ಲಿ ಹಾಗಲ್ಲ, ಇವರು ಜನ ಓಟು ಹಾಕಿ ಆರಿಸಿದವರು. ಬಜೆಟ್ ಅವರದು, ಕೌಂಟಿಯ ಸ್ಥಳೀಯ ಕಾನೂನು ಅವರದು, ಎಕ್ಸಿಕ್ಯೂಟಿವ್‌ರನ್ನು ಇಟ್ಟುಕೊಳ್ಳುವುದೂ ಕಳಿಸುವುದೂ ಅವರದೇ.

ಕಗ್ಗಂಟು ಇರುವುದು ಇದರ ಆಚೆ. ಪ್ರತಿ ಕೌಂಟಿಯಲ್ಲೂ ಶೆರಿಫ್, ಡಿಸ್ಟ್ರಿಕ್ಟ್ ಅಟಾರ್ನಿ ಮತ್ತು ಅಸೆಸರ್ ಜನರಿಂದಲೇ ಆಯ್ಕೆಯಾಗಬೇಕು ಅಂತ ಕ್ಯಾಲಿಫೋರ್ನಿಯಾ ರಾಜ್ಯದ ಸಂವಿಧಾನ ಹೇಳುತ್ತದೆ. ಅಂದರೆ ಜೈಲು ನೋಡಿಕೊಳ್ಳುವವರು, ಸರ್ಕಾರದ ಪರ ಕೇಸು ನಡೆಸುವವರು, ನಿಮ್ಮ ಮನೆಗೆ ಬೆಲೆ ಕಟ್ಟಿ ತೆರಿಗೆಗೆ ದಾರಿ ಮಾಡುವವರು, ಮೂವರೂ ಎಕ್ಸಿಕ್ಯೂಟಿವ್ ಕೈಕೆಳಗೆ ಇಲ್ಲ. ನಮ್ಮ ಎಸ್‌ಪಿ ಸಾಹೇಬರು ಚುನಾವಣೆಗೆ ನಿಂತು ಗೆದ್ದು ಬಂದಿದ್ದರೆ ಡಿಸಿ ಅವರಿಗೆ ಯಾವ ದನಿಯಲ್ಲಿ ಫೋನ್ ಮಾಡುತ್ತಿದ್ದರು? ನಿಮ್ಮ ತಂದೆಯವರಿಗೆ ಇದೊಂದು ಹೇಳಿ, ಅರ್ಥವಾಗುತ್ತದೆ.

ಕೌಂಟಿ ಅಂದರೆ ಏನು ಅಂತ ಅಲ್ಲಿ ವರ್ಷಗಟ್ಟಲೆ ಇದ್ದ ನಮ್ಮವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಕಸ, ನೀರಿನ ಬಿಲ್ಲು ಬಂದರೆ ಅದು ಸಿಟಿ. ಕೌಂಟಿ ಬೇಕಾಗುವುದು ಮದುವೆ ಲೈಸೆನ್ಸ್‌ಗೆ, ಓಟಿಗೆ, ಮನೆ ತೆರಿಗೆಗೆ. ನೀವು ದಿನಾ ಶಾಪ ಹಾಕುತ್ತಾ ಹೋಗುವ ಲಾರೆನ್ಸ್ ಎಕ್ಸ್‌ಪ್ರೆಸ್‌ವೇ ಕೂಡ ಕೌಂಟಿಯದೇ. ಕ್ಯುಪರ್ಟಿನೊಗೆ ಸ್ವಂತ ಪೊಲೀಸ್ ಇಲ್ಲ. ಆ ಸಿಟಿ ಶೆರಿಫ್‌ಗೆ ದುಡ್ಡು ಕೊಟ್ಟು ಕಾವಲು ಪಡೆಯುತ್ತದೆ. ಇದರ ಜೊತೆಗೆ ದೊಡ್ಡ ಆಸ್ಪತ್ರೆಗಳು, ಜೈಲು, ಬಡವರ ಆರೋಗ್ಯ ವಿಮೆ ಮೆಡಿ-ಕ್ಯಾಲ್, ಅನಾಥ ಮಕ್ಕಳು, ಪಾರ್ಕು. 20,000ಕ್ಕೂ ಜಾಸ್ತಿ ನೌಕರರು ಇದ್ದಾರೆ.

ಹೊಂದಾಣಿಕೆ ಅಂದರೆ ಏನು ಅಂತ ಸುಮ್ನೆ ಹೇಳಿದರೆ ಗಾಳಿಮಾತಾಗುತ್ತದೆ. ಒಬ್ಬ ಮನುಷ್ಯನನ್ನು ಇಟ್ಟುಕೊಂಡು ನೋಡೋಣ.

ಅವನು ಇವತ್ತು ಜೈಲಿನಿಂದ ಹೊರಗೆ ಬಂದ. ಮನಸ್ಸಿನ ಕಾಯಿಲೆ ಇದೆ, ಮಾತ್ರೆ ನಿಂತರೆ ಕಷ್ಟ. ಮನೆ ಇಲ್ಲ. ಐಡಿ ಕಾರ್ಡ್ ಕಳೆದಿದೆ. ಇಲ್ಲಿಯ ತನಕ ಅವನನ್ನು ಇಟ್ಟುಕೊಂಡಿದ್ದು ಶೆರಿಫ್. ಇನ್ನು ಮುಂದೆ ಅವನ ಮೇಲೆ ಕಣ್ಣಿಡಬೇಕಾದ್ದು ಪ್ರೊಬೇಷನ್ ಇಲಾಖೆ. ಚಿಕಿತ್ಸೆ ಬಿಹೇವಿಯರಲ್ ಹೆಲ್ತ್‌ನವರದು. ಮೆಡಿ-ಕ್ಯಾಲ್, ಊಟದ ಕಾರ್ಡು ಸೋಷಿಯಲ್ ಸರ್ವಿಸಸ್‌ನವರದು. ಬಾಕಿ ಕೇಸಿದ್ದರೆ ಪಬ್ಲಿಕ್ ಡಿಫೆಂಡರ್, ಅಂದರೆ ವಕೀಲರನ್ನು ಇಡಲು ದುಡ್ಡಿಲ್ಲದವರ ಪರ ವಾದಿಸುವ ಸರ್ಕಾರಿ ವಕೀಲರು. ಐದು ಇಲಾಖೆ, ಐದು ಕಂಪ್ಯೂಟರ್, ಐದು ಕ್ಯೂ. ಮೂರನೇ ಕ್ಯೂನಲ್ಲಿ ಅವನು ಮಾಯವಾಗುತ್ತಾನೆ. ಕೆಲವು ವಾರದಲ್ಲಿ ಮತ್ತೆ ಅದೇ ಜೈಲು.

2011ರಲ್ಲಿ ರಾಜ್ಯ ಸರ್ಕಾರ ಒಂದು ಕಾನೂನು ತಂದಿತು. ಜನ ಅದನ್ನು ಎಬಿ 109 ಅಂತ ಕರೆಯುತ್ತಾರೆ. ರಾಜ್ಯದ ಜೈಲುಗಳು ತುಂಬಿ ತುಳುಕುತ್ತಿದ್ದವು. ಹಾಗಾಗಿ ಸಣ್ಣ ಅಪರಾಧದವರ ಹೊಣೆಯನ್ನು ಅಕ್ಟೋಬರ್ 1ರಿಂದ ಕೌಂಟಿಗಳಿಗೆ ದಾಟಿಸಿದರು, ದುಡ್ಡನ್ನೂ ಜೊತೆಗೆ ಕಳಿಸಿದರು. ಆ ದುಡ್ಡು ಹೇಗೆ ಖರ್ಚಾಗಬೇಕು ಅನ್ನುವ ಯೋಜನೆಯನ್ನು ಒಂದು ಸಮಿತಿ ಮಾಡಬೇಕು, ಅದರಲ್ಲಿ ಯಾರು ಕೂರಬೇಕು ಅನ್ನುವುದನ್ನು ಕಾನೂನಿನಲ್ಲೇ ಬರೆದರು. ಚೀಫ್ ಪ್ರೊಬೇಷನ್ ಆಫೀಸರ್ ಅಧ್ಯಕ್ಷರು. ಜೊತೆಗೆ ಶೆರಿಫ್, ಡಿಸ್ಟ್ರಿಕ್ಟ್ ಅಟಾರ್ನಿ, ಪಬ್ಲಿಕ್ ಡಿಫೆಂಡರ್, ಒಬ್ಬ ಪೊಲೀಸ್ ಚೀಫ್, ಕೋರ್ಟಿನ ಕಡೆಯವರು, ಸಮಾಜ ಸೇವೆ ಅಥವಾ ಆರೋಗ್ಯದ ಕಡೆಯ ಒಬ್ಬ ಮುಖ್ಯಸ್ಥರು.

ಇಲ್ಲಿ ಗಮನಿಸಬೇಕಾದ್ದು, ಯಾರಿಗೂ ಯಾರ ಮೇಲೂ ಹುಕುಂ ಇಲ್ಲ. ಆದರೆ ದುಡ್ಡು ಒಂದೇ ಮೇಜಿನ ಮೇಲಿದೆ. ಮೇಜಿಗೆ ಬರದಿದ್ದರೆ ನಿಮ್ಮ ಇಲಾಖೆಯ ಪರ ಮಾತಾಡೋರಿಲ್ಲ. ನನ್ನ ಮಟ್ಟಿಗೆ ಕೌಂಟಿಯ ಹೊಂದಾಣಿಕೆಯ ಗುಟ್ಟೆಲ್ಲ ಇಷ್ಟೇ. ನಮ್ಮಲ್ಲಿ ಮೇಲಿನವರ ಬೈಗುಳ ಮಾಡುವ ಕೆಲಸವನ್ನು ಅಲ್ಲಿ ದುಡ್ಡಿನ ಷರತ್ತು ಮಾಡುತ್ತದೆ.

ಸಾಂಟಾ ಕ್ಲಾರಾದವರು ಮರುವರ್ಷ ಸ್ಯಾನ್ ಹೋಸೆಯಲ್ಲಿ ರೀಎಂಟ್ರಿ ರಿಸೋರ್ಸ್ ಸೆಂಟರ್ ಅಂತ ತೆರೆದರು. ಮೇಲೆ ಹೇಳಿದ ಇಲಾಖೆಗಳಲ್ಲಿ ಹಲವು ಒಂದೇ ಸೂರಿನಡಿ ಕೂರುತ್ತವೆ. ಕೇಳಲು ಸುಲಭ. ಆದರೆ ಬಾಡಿಗೆ ಯಾರ ಲೆಕ್ಕಕ್ಕೆ? ಸೋಷಿಯಲ್ ಸರ್ವಿಸಸ್‌ನಿಂದ ಬಂದು ಕೂತ ಗುಮಾಸ್ತನ ರಜೆ ಮಂಜೂರು ಮಾಡುವವರು ಯಾರು? ಎಲ್ಲಕ್ಕಿಂತ ಕಷ್ಟದ್ದು ಮಾಹಿತಿ. ಚಿಕಿತ್ಸೆಯ ವಿವರಕ್ಕೆ, ರೋಗಿಯ ಮಾಹಿತಿ ಗುಟ್ಟಾಗಿರಬೇಕು ಅನ್ನುವ ಹಿಪಾ ಕಾನೂನಿನ ಬೀಗ. ಡ್ರಗ್ಸ್ ಚಟದ ಚಿಕಿತ್ಸೆ ಆದರೆ ಅದರ ಮೇಲೆ ಇನ್ನೂ ಗಟ್ಟಿಯಾದ ಬೇರೊಂದು ಬೀಗ. ಪಕ್ಕದ ಮೇಜಿನಲ್ಲಿ ಕೂತ ಪ್ರೊಬೇಷನ್ ಅಧಿಕಾರಿ "ಇವನು ನಿನ್ನೆ ಬಂದಿದ್ದನಾ?" ಅಂತ ಕೇಳಿದರೆ, ಆ ಮನುಷ್ಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದ ತನಕ ಕೌನ್ಸೆಲರ್ ಬಾಯಿ ಬಿಡುವಂತಿಲ್ಲ. ಹಾಗಾಗಿ ಕೋಆರ್ಡಿನೇಟರ್‌ನ ತಿಂಗಳುಗಟ್ಟಲೆ ಕೆಲಸ ಆ ಒಂದು ಹಾಳೆಯ ಒಪ್ಪಿಗೆ ಪತ್ರ ತಯಾರಿಸುವುದೇ ಆಗಬಹುದು. ಐದು ಇಲಾಖೆಯ ವಕೀಲರು ಒಪ್ಪಬೇಕು. ಓದುವವನಿಗೆ ಅರ್ಥವೂ ಆಗಬೇಕು!

ಬೋರ್ಡಿನ ಕಡೆಗೂ ಒಂದು ಕಟ್ಟುಪಾಡಿದೆ. 1953ರ ಬ್ರೌನ್ ಆಕ್ಟ್ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾ 72 ಗಂಟೆ ಮೊದಲೇ ಜನರಿಗೆ ಕಾಣಬೇಕು. ಐವರಲ್ಲಿ ಮೂವರು ಕಾಫಿಗೆ ಕೂತು ಕೌಂಟಿಯ ವಿಷಯ ಚರ್ಚಿಸಿದರೂ ತಪ್ಪು. ಅಧಿಕಾರಿಗಳು ಒಬ್ಬೊಬ್ಬರಿಗೇ ಹೋಗಿ ವಿವರಿಸಬಹುದು, ಆದರೆ "ಅವರು ಹೀಗಂದರು" ಅಂತ ಇವರಿಗೆ ಮುಟ್ಟಿಸುವಂತಿಲ್ಲ. ವರ್ಷದ ನಡುವೆ ಲೆಕ್ಕದಲ್ಲಿಲ್ಲದ ದುಡ್ಡು ಬಂದು ಅದನ್ನು ಖರ್ಚಿಗೆ ಹಾಕಬೇಕೆಂದರೆ ಐವರಲ್ಲಿ ನಾಲ್ವರ ಓಟು ಬೇಕು. ಇದನ್ನೆಲ್ಲ ಲೆಕ್ಕ ಹಾಕಿ ದಿನಾಂಕ ಹಿಂದಕ್ಕೆ ಎಣಿಸುವುದು ಕೋಆರ್ಡಿನೇಟರ್‌ಗಳಿಗೆ ಒಂದು ಚಟವೇ ಆಗಿಬಿಡುತ್ತದೆ.

ಇನ್ನು ನೌಕರರ ಕಾರ್ಯಕ್ರಮಗಳು. ಇದು ಹಗುರವಾದ ಭಾಗ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಯೋಗ, ಕೇಕು, ಬಹುಮಾನ, ಅಷ್ಟೇ ಅಲ್ವಾ ಅಂತ.

ಕೇಕಿನಿಂದಲೇ ಶುರು ಮಾಡೋಣ. ಸರ್ಕಾರಿ ದುಡ್ಡನ್ನು ಉಡುಗೊರೆಯಾಗಿ ಕೊಡಕೂಡದು ಅಂತ ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ ಇದೆ. ಖರ್ಚಿಗೆ ಸಾರ್ವಜನಿಕ ಉದ್ದೇಶ ತೋರಿಸಬೇಕು. ಆದ್ದರಿಂದ ಸರ್ಕಾರಿ ಕಚೇರಿಯಲ್ಲಿ ನಿವೃತ್ತಿಯ ಕೇಕಿಗೆ ಸಹೋದ್ಯೋಗಿಗಳೇ ಚಂದಾ ಎತ್ತುವುದು ಹೊಸದೇನಲ್ಲ. ಸೇವೆ ಗುರುತಿಸಿ ಬಹುಮಾನ ಕೊಡುವುದಕ್ಕೂ ಮೊದಲು ನಿಯಮ ಬರೆದು, ಬೋರ್ಡಿನಿಂದ ಒಪ್ಪಿಗೆ ಪಡೆದು, ಆಮೇಲೆ ಮಾಡಿದರೆ ಕ್ಷೇಮ.

ಯೋಗಕ್ಕೆ ಬನ್ನಿ. ಮಧ್ಯಾಹ್ನ 12ಕ್ಕೆ ತರಗತಿ ಅಂತ ಎಲ್ಲರಿಗೂ ಇಮೇಲ್ ಹೋಯಿತು ಅಂತಿಟ್ಟುಕೊಳ್ಳಿ. ಬರುವವರು ಯಾರು? ಕೌಂಟಿಯ ಮುಖ್ಯ ಕಟ್ಟಡದಲ್ಲಿ ಮೇಜಿನ ಮುಂದೆ ಕೂತು ಕೆಲಸ ಮಾಡುವವರು. ರಾತ್ರಿ ಪಾಳಿ ಮುಗಿಸಿದ ನರ್ಸ್ ಆಗ ಮನೆಯಲ್ಲಿ ಪರದೆ ಎಳೆದು ಮಲಗಿರುತ್ತಾರೆ. ಜೈಲಿನ ಡೆಪ್ಯುಟಿಗೆ, ಅಂದರೆ ಶೆರಿಫ್ ಕೈಕೆಳಗಿನ ಅಧಿಕಾರಿಗೆ, ಒಳಗೆ ಹೋಗುವಾಗ ಫೋನೇ ಕೈಯಲ್ಲಿರುವುದಿಲ್ಲ. ರಸ್ತೆ ಗುಂಡಿ ಮುಚ್ಚುವ ತಂಡದವರು ಇಮೇಲ್ ನೋಡುವುದು ಯಾವಾಗಲೋ. ಯಾರಿಗೆ ಬೆನ್ನು ನೋವು ಜಾಸ್ತಿಯೋ ಅವರಿಗೇ ಯೋಗ ಇಲ್ಲ. ಇದಕ್ಕೆ ಉಪಾಯ ಪೋಸ್ಟರ್ ಅಲ್ಲ. ಪ್ರತಿ ಇಲಾಖೆಯಲ್ಲಿ ಒಬ್ಬ ನಂಬಿಕೆಯ ಮನುಷ್ಯ ಬೇಕು. ಪಾಳಿ ಬದಲಾಗುವ ಹೊತ್ತಿಗೆ ನಿಂತು ಎರಡು ನಿಮಿಷ ಹೇಳುವವರು. ಅವರಿಗಿಂತ ಮುಖ್ಯ, "ಹೋಗಿ ಬಾ, ನಾನು ನೋಡಿಕೊಳ್ತೀನಿ" ಅನ್ನುವ ಮೇಲಿನವರು.

ಗಂಟೆ ಲೆಕ್ಕದ ನೌಕರರನ್ನು ತರಬೇತಿಗೆ ಕರೆಯುವಾಗ ಇನ್ನೊಂದು ತಕರಾರು. ಕೆಲಸದ ಹೊತ್ತಿನ ಆಚೆ, ಸ್ವಂತ ಇಷ್ಟದಿಂದ, ತಮ್ಮ ಹುದ್ದೆಗೆ ಸಂಬಂಧ ಇಲ್ಲದ್ದು, ಅಲ್ಲಿ ಬೇರೆ ಕೆಲಸವನ್ನೂ ಮಾಡಿಸುವಂತಿಲ್ಲ. ಈ ನಾಲ್ಕೂ ಕೂಡಿ ಬಂದರೆ ಮಾತ್ರ ಆ ಹೊತ್ತಿಗೆ ಸಂಬಳ ಕೊಡದೆ ಇರಬಹುದು ಅಂತ ಕೇಂದ್ರದ ಕಾರ್ಮಿಕ ನಿಯಮ. ಒಂದು ತಪ್ಪಿದರೂ ಸಂಬಳ, ಕೆಲವೊಮ್ಮೆ ಓವರ್‌ಟೈಮ್.

ಯೂನಿಯನ್ ವಿಷಯ ಬಿಟ್ಟರೆ ಉತ್ತರ ಅರ್ಧ. 1968ರಿಂದ ಕ್ಯಾಲಿಫೋರ್ನಿಯಾದಲ್ಲಿ ಕೌಂಟಿ, ಸಿಟಿಗಳು ಸಂಬಳ, ಕೆಲಸದ ಷರತ್ತುಗಳ ಬಗ್ಗೆ ಯೂನಿಯನ್‌ಗಳ ಜೊತೆ ಕೂತು ಮಾತಾಡಲೇಬೇಕು. ನರ್ಸ್‌ಗಳದು ಒಂದು ಒಪ್ಪಂದ, ಡೆಪ್ಯುಟಿಗಳದು ಇನ್ನೊಂದು, ಗುಮಾಸ್ತರದು ಮತ್ತೊಂದು. ಓದಿಗೆ ಕೊಡುವ ಸಹಾಯಧನ ಒಬ್ಬರಿಗೆ ಇಷ್ಟು, ಇನ್ನೊಬ್ಬರಿಗೆ ಅಷ್ಟು. "ಎಲ್ಲರಿಗೂ ಒಂದೇ ಮಾಡಿಬಿಡೋಣ" ಅಂತ ಹೊಸಬರು ಉತ್ಸಾಹದಲ್ಲಿ ಹೇಳುತ್ತಾರೆ. ಹಾಗೆ ಒಬ್ಬರೇ ಕೂತು ಬದಲಾಯಿಸಿದರೆ ಯೂನಿಯನ್ ದೂರು ಖಚಿತ.

ಇಎಪಿ ಅಂತ ಇನ್ನೊಂದಿದೆ. ನೌಕರರಿಗೆ ಗುಟ್ಟಾಗಿ ಕೌನ್ಸೆಲಿಂಗ್ ಕೊಡುವ ಸೌಲಭ್ಯ. ಎಷ್ಟು ಜನ ಬಂದರು ಅನ್ನುವುದು ಮಾತ್ರ ಕೋಆರ್ಡಿನೇಟರ್‌ಗೆ ತಿಳಿಯಬೇಕು, ಯಾರು ಅನ್ನುವುದು ತಿಳಿಯಬಾರದು. ಒಮ್ಮೆ ಆ ಗುಟ್ಟು ಸೋರಿದರೆ ಮತ್ತೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ.

ಈ ಇಲಾಖೆಯ ಗೋಡೆಗಳು ತಾವಾಗಿ ಬೀಳುವುದು ಒಂದೇ ಸಲ, ವಿಪತ್ತು ಬಂದಾಗ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಸರ್ಕಾರಿ ನೌಕರನೂ ಕಾನೂನಿನ ಪ್ರಕಾರ ಡಿಸಾಸ್ಟರ್ ಸರ್ವಿಸ್ ವರ್ಕರ್. ಸೇರುವಾಗಲೇ ಪ್ರಮಾಣ ಮಾಡಿಸುತ್ತಾರೆ. ನಮ್ಮ ಮೇಷ್ಟ್ರಿಗೆ ಚುನಾವಣೆ ಡ್ಯೂಟಿ ಬೀಳುತ್ತದಲ್ಲ, ಹಾಗೆ. 2020ರ ಮಾರ್ಚ್ 16ರಂದು ಸಾಂಟಾ ಕ್ಲಾರಾ ಸೇರಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಆರು ಕೌಂಟಿಗಳು ಒಟ್ಟಿಗೆ ಮನೆಯಲ್ಲೇ ಇರಿ ಅಂತ ಆದೇಶ ಹೊರಡಿಸಿದವು. ರಾಜ್ಯದ ಆದೇಶಕ್ಕಿಂತ ಮೂರು ದಿನ ಮೊದಲು. ಆಮೇಲೆ ಕ್ಯಾಲಿಫೋರ್ನಿಯಾದ ಹಲವು ಕಡೆ ಲೈಬ್ರರಿಯವರು ಸೋಂಕಿತರ ಸಂಪರ್ಕ ಹುಡುಕಲು ಫೋನ್ ಹಿಡಿದರು. ಲೈಬ್ರರಿ ಮುಚ್ಚಿತ್ತು, ಜನರ ಜೊತೆ ತಾಳ್ಮೆಯಿಂದ ಮಾತಾಡುವ ಅಭ್ಯಾಸ ಅವರಿಗಿತ್ತು.

ನಿಮ್ಮ ತಂದೆಯವರು ಇಷ್ಟಕ್ಕೂ ಒಪ್ಪದಿದ್ದರೆ ಲಾಸ್ ಏಂಜಲೀಸ್ ಕೌಂಟಿಯ ಕತೆ ಹೇಳಿ. ಅಲ್ಲಿ ಸುಮಾರು ಒಂದು ಕೋಟಿ ಜನ, ಐದೇ ಸೂಪರ್‌ವೈಸರ್‌ಗಳು. 2024ರ ನವೆಂಬರ್‌ನಲ್ಲಿ ಜನ ಓಟು ಹಾಕಿ, ಸೂಪರ್‌ವೈಸರ್‌ಗಳನ್ನು ಒಂಬತ್ತಕ್ಕೆ ಏರಿಸಲು, ಎಕ್ಸಿಕ್ಯೂಟಿವ್‌ರನ್ನೂ ಚುನಾವಣೆಯಿಂದಲೇ ಆರಿಸಲು ಒಪ್ಪಿದರು. ಅದರಿಂದ ಹೊಂದಾಣಿಕೆ ಸುಲಭವಾಗುತ್ತದೋ, ಶೆರಿಫ್‌ಗೆ ಇನ್ನೊಬ್ಬ ಗೆದ್ದು ಬಂದ ಎದುರಾಳಿ ಸಿಗುತ್ತಾರೋ, ನನಗಂತೂ ಎರಡನೆಯದರ ಅನುಮಾನವೇ ಜಾಸ್ತಿ.

ಕೊನೆಗೆ ನಿಮ್ಮ ಹೆಂಡತಿಗೆ. ಕೌಂಟಿಯ ಇಂಟರ್‌ವ್ಯೂ ಸಾಮಾನ್ಯವಾಗಿ ಒಂದು ಪ್ಯಾನಲ್ ಮುಂದೆ ನಡೆಯುತ್ತದೆ. ಎಲ್ಲರಿಗೂ ಒಂದೇ ಪ್ರಶ್ನೆ, ಪ್ರತಿ ಉತ್ತರಕ್ಕೂ ಅಂಕ. ಹರಟೆಗೆ ಅಂಕವಿಲ್ಲ. "ನಿಮ್ಮ ಮಾತು ಕೇಳಬೇಕಾದ ಅಗತ್ಯವೇ ಇಲ್ಲದವರಿಂದ ಕೆಲಸ ಮಾಡಿಸಿದ್ದು ಯಾವಾಗ?" ಎಂಬ ಧಾಟಿಯ ಪ್ರಶ್ನೆ ಬಂದರೆ ಆಶ್ಚರ್ಯಪಡಬೇಡಿ. ಕನ್ನಡ ಕೂಟದ ರಾಜ್ಯೋತ್ಸವ ನಡೆಸಿದ ಅನುಭವ ಇದ್ದರೆ ಅದನ್ನೇ ಹೇಳಲಿ. ಸ್ಕೂಲ್ ಹಾಲ್ ಬುಕ್ ಮಾಡಿದ್ದು, ಊಟದವರನ್ನು, ನಾಟಕದವರನ್ನು, ಚಂದಾ ಕೊಟ್ಟವರನ್ನು ಒಂದೇ ದಿನಾಂಕಕ್ಕೆ ಒಪ್ಪಿಸಿದ್ದು. ಯಾರಿಗೂ ಸಂಬಳ ಕೊಡದೆ ಮಾಡಿಸಿದ್ದು ತಾನೇ?